ಎಡಗೈಗೆ ತಿಳಿಯದಂತೆ

ಡಿಸೆಂಬರ್ ತಿಂಗಳಲ್ಲಿ ಪುಣೆಯ ಚಳಿ ಎಂಥದೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಬಣ್ಣಿಸಿ ಹೇಳಬೇಕಾದುದಿಲ್ಲ. ಆದರೆ ಕಿಟಕಿ ಮುಚ್ಚಿಕೊಂಡು ರಜಾಯಿ ಹೊದ್ದು ಮಲಗುವವರ ಚಳಿ ಬೇರೆ. ಕಟ್ಟಡದ ಕೆಲಸ ನಡೆಯುವಲ್ಲಿ ತಗಡಿನ ಗುಡಿಸಲು ಹಾಕಿಕೊಂಡು, ಸಿಮೆಂಟಿನ ಖಾಲಿ ಚೀಲ ಹಾಸಿ ಮಲಗುವವರ ಚಳಿ ಬೇರೆ. ಈ ಎರಡನೆಯ ಚಳಿಯನ್ನು ಉಣ್ಣುವವರಲ್ಲಿ ನಮ್ಮ ಕನ್ನಡದವರೂ ಎಷ್ಟೋ ಜನರಿದ್ದಾರೆ. ಕಲಬುರಗಿ, ಯಾದಗಿರಿಯ ಕಡೆಯಿಂದ ಮಕ್ಕಳು ಮರಿ ಕಟ್ಟಿಕೊಂಡು ಕೂಲಿಗಾಗಿ ಬಂದವರು ಅವರು.

ಎರಡು ವರ್ಷಗಳ ಕೆಳಗೆ ಕ್ರಿಸ್ಮಸ್ ಹಬ್ಬಕ್ಕೆ ನಾಲ್ಕು ದಿನ ಮುಂಚೆ, ನಮ್ಮ ಸಭೆಯ ಕೆಲವು ಕನ್ನಡ ಕುಟುಂಬಗಳು ಸೇರಿ ವರ್ಗಣಿ ಎತ್ತಿ ಅರವತ್ತು ಕಂಬಳಿಗಳನ್ನು ಕೊಂಡೆವು. ಸಂಜೆ ಎಲ್ಲರೂ ಕೂಡಿ ಅಂಥ ಒಂದು ಗುಡಿಸಲು ಸಾಲಿಗೆ ಹೋದೆವು. ನಮ್ಮ ಹೆಸರಿನ ಬ್ಯಾನರನ್ನು ಎರಡು ಬಿದಿರಿಗೆ ಕಟ್ಟಿ ನಿಲ್ಲಿಸಿದೆವು. ಕೂಲಿ ಮುಗಿಸಿ ಬಂದವರನ್ನು ಸಾಲಾಗಿ ನಿಲ್ಲಿಸಿದ್ದಾಯಿತು, ಒಂದು ಹಾಡಾಯಿತು, ಚಿಕ್ಕದೊಂದು ಪ್ರಾರ್ಥನೆಯಾಯಿತು. ಅನಂತರ ಕಂಬಳಿ ಹಂಚತೊಡಗಿದೆವು. ಕೊಡುವವರ ಮುಖವೂ ಕೊಳ್ಳುವವರ ಮುಖವೂ ಸರಿಯಾಗಿ ಬೀಳುವಂತೆ ಒಂದೊಂದು ಕಂಬಳಿಗೂ ಒಂದೊಂದು ಫೋಟೋ. ಬೆಳಕು ಸಾಲದೆಂದು ಕೆಲವರನ್ನು ಎರಡು ಸಲ ನಿಲ್ಲಿಸಿದ್ದೂ ಉಂಟು.

ಹಾಗೆ ಎರಡನೆಯ ಸಲ ನಿಂತವರಲ್ಲಿ ಒಬ್ಬ ಮುದುಕಿ ಇದ್ದಳು. ಮಡಿಸಿದ ಕಂಬಳಿಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು, ನಾವು ಹೇಳಿದ ಕಡೆಗೆ ನೋಡುತ್ತ ನಿಂತೇ ಇದ್ದಳು. ಕೈ ನಡುಗುತ್ತಿತ್ತು. ಕೊನೆಗೆ ನಮ್ಮ ಕಡೆಗೆ ತಿರುಗಿ ಕೇಳಿದಳು:

“ಫೋಟೋ ಆಯ್ತೇನ್ ಯಪ್ಪಾ? ಇನ್ನ ಹೊತ್ಕೊಳ್ಲೇನು? ಥಂಡಿ ಭಾಳ ಅದ.”

ಆಕೆಯ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ನಾವು ಅಷ್ಟು ನಾಚುತ್ತಿರಲಿಲ್ಲವೇನೋ. ಕೊಟ್ಟವರ ಕೆಲಸ ಮುಗಿಯುವ ತನಕ ತಾನು ಕಂಬಳಿ ಬಿಚ್ಚಬಾರದೆಂದು ಆಕೆ ಪಾಪ ನಂಬಿದ್ದಳು. ಹಾಗೆ ನಂಬಿಸಿದವರು ನಾವು. ಮನೆಗೆ ಬಂದ ಮೇಲೆ, ಜೊತೆಗೆ ಬಂದಿದ್ದ ನಮ್ಮ ಎಂಟು ವರ್ಷದ ಮಗಳು ಮತ್ತೊಂದು ಪ್ರಶ್ನೆ ಹಾಕಿದಳು: “ಅಪ್ಪಾ, ಆ ಅಜ್ಜಿಯ ಹೆಸರೇನು?” ನಮಗೆ ಗೊತ್ತಿರಲಿಲ್ಲ. ಅರವತ್ತು ಜನರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ. ನಮ್ಮ ಹೆಸರು ಮಾತ್ರ ಬ್ಯಾನರಿನ ಮೇಲೆ ಅವರೆಲ್ಲರ ಕಣ್ಣಿಗೆ ಬಿದ್ದಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಈ ವಿಷಯದ ಚರ್ಚೆ ಆಗಾಗ ನಡೆದಿದೆ. ಸೇವೆ ಮಾಡುವುದು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸೇವೆ ಯಾರಿಗಾಗಿ? ಚಳಿಯಲ್ಲಿ ನಿಂತವಳಿಗಾಗಿಯೋ, ಫೋಟೋದಲ್ಲಿ ನಗುವವರಿಗಾಗಿಯೋ? ಕ್ರೈಸ್ತರಾದ ನಾವು ನಮ್ಮನ್ನೇ ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದು. ಅನ್ಯಧರ್ಮದ ವಾಚಕರಿಗೂ ಇದು ಹೊರಗಿನದಾಗಲಾರದು. ಫಲದ ಆಸೆಯಿಲ್ಲದೆ ಕರ್ಮ ಮಾಡಬೇಕೆಂದು ಗೀತೆ ಹೇಳುತ್ತದೆ. ಶರಣರು ಕೊಡುವುದನ್ನು ದಾನವೆನ್ನದೆ ದಾಸೋಹವೆಂದು ಕರೆದರು. ಕೊಡುವವನು ದಾಸನೇ ಹೊರತು ಧಣಿಯಲ್ಲವೆಂಬ ಅರ್ಥ ಆ ಹೆಸರಿನಲ್ಲಿಯೇ ಇದೆ.

ಯೇಸುಸ್ವಾಮಿಯ ಪರ್ವತ ಪ್ರಸಂಗ ಮತ್ತಾಯನ ಸುವಾರ್ತೆಯ ಐದು, ಆರು, ಏಳನೆಯ ಅಧ್ಯಾಯಗಳಲ್ಲಿದೆ. ಆರನೆಯ ಅಧ್ಯಾಯದ ಆರಂಭದಲ್ಲಿಯೇ ಈ ವಿಷಯ ಬರುತ್ತದೆ. ಜನರು ಹೊಗಳಲೆಂದು ಬೀದಿಯಲ್ಲಿ ತುತ್ತೂರಿ ಊದಿಸಿ ದಾನ ಮಾಡುವವರಿಗೆ ಸಿಕ್ಕಬೇಕಾದ ಕೂಲಿ ಆಗಲೇ ಸಿಕ್ಕಿಹೋಯಿತು, ಬಲಗೈ ಮಾಡಿದ್ದು ಎಡಗೈಗೂ ತಿಳಿಯದಿರಲಿ ಎಂಬುದು ಅಲ್ಲಿಯ ತಾತ್ಪರ್ಯ. ಆದರೆ ಅದಕ್ಕೆ ಸ್ವಲ್ಪ ಮುಂಚೆ, ಐದನೆಯ ಅಧ್ಯಾಯದಲ್ಲಿ, ದೀಪವನ್ನು ಕೊಳಗದ ಕೆಳಗೆ ಮುಚ್ಚಿಡಬೇಡಿ, ನಿಮ್ಮ ಒಳ್ಳೆಯ ಕೆಲಸ ಜನರಿಗೆ ಕಾಣಲಿ ಎಂಬ ಅರ್ಥದ ಮಾತೂ ಇದೆ. ಒಂದು ಕಡೆ ಕಾಣಬಾರದು, ಇನ್ನೊಂದು ಕಡೆ ಕಾಣಬೇಕು, ಇದೇನು ವಿರೋಧ? ನಮ್ಮ ಅಲ್ಪಮತಿಗೆ ತೋರುವುದಿಷ್ಟು: ಎರಡೂ ಕಡೆ ನೋಡಬೇಕಾದುದು ಹೊಗಳಿಕೆ ಯಾರಿಗೆ ಸಲ್ಲುತ್ತದೆಂಬುದನ್ನು. ದೀಪವನ್ನು ಕಂಡವರು ದೇವರನ್ನು ಕೊಂಡಾಡಬೇಕು, ತುತ್ತೂರಿಯನ್ನು ಕೇಳಿದವರು ಊದಿಸಿದವನನ್ನು ಕೊಂಡಾಡುತ್ತಾರೆ. ವ್ಯತ್ಯಾಸವೆಲ್ಲ ಅಲ್ಲಿದೆ.

ನಾವು ಗುಮಾಸ್ತರು. ಲೆಕ್ಕವನ್ನು ಬಾಬತ್ತುವಾರು ಬಿಡಿಸಿ ನೋಡುವುದು ನಮಗೆ ಅಭ್ಯಾಸ. ಹಾಗೆ ನಮ್ಮ ಮನಸ್ಸಿನ ಲೆಕ್ಕವನ್ನು ಬಿಡಿಸಿ ನೋಡಿದಾಗ ನಾಲ್ಕು ಬಾಬತ್ತುಗಳು ಕಂಡವು.

ಮೊದಲನೆಯದು ಹೆಸರು. ಅದನ್ನು ಮೇಲೆ ಹೇಳಿಯಾಯಿತು. ಎರಡನೆಯದು ಪುಣ್ಯ. ಬಡವನಿಗೆ ಕೊಟ್ಟರೆ ದೇವರು ನಮಗೆ ಕೊಟ್ಟಾನು, ಮಗಳ ಪರೀಕ್ಷೆ ಪಾಸಾದೀತು, ಬಡ್ತಿ ಬಂದೀತು ಎಂಬ ಒಳಲೆಕ್ಕ. ಇದು ಬಡವನ ಅಂಗೈಯನ್ನು ಬ್ಯಾಂಕಿನ ಕಿಟಕಿಯೆಂದು ತಿಳಿದಂತೆ. ಮೂರನೆಯದು ನಮ್ಮ ನೆಮ್ಮದಿ. ದಾರಿಯಲ್ಲಿ ಕಂಡ ದುಃಖ ರಾತ್ರಿ ಕಾಡಬಾರದೆಂದು ಹತ್ತು ರೂಪಾಯಿ ಹಾಕಿ ಮುಂದೆ ಹೋಗುವುದು. ನಾಲ್ಕನೆಯದನ್ನು ಹೇಳಲು ಕ್ರೈಸ್ತರಾದ ನಮಗೆ ಸಂಕೋಚವಾದರೂ ಹೇಳಲೇಬೇಕು. ಅದು ತಲೆ ಎಣಿಸುವುದು. ಅನ್ನ ಹಾಕಿದೆವು, ಔಷಧ ಕೊಟ್ಟೆವು. ಇವರಲ್ಲಿ ಎಷ್ಟು ಜನ ನಮ್ಮ ಸಭೆಗೆ ಬಂದಾರು ಎಂದು ಮನಸ್ಸಿನಲ್ಲಿ ಎಣಿಸುವುದು. ಹಸಿದವನಿಗೆ ಅನ್ನ ಕೊಡುವಾಗ ಅದರ ಕೆಳಗೊಂದು ಕರಾರುಪತ್ರವನ್ನು ಅಡಗಿಸಿಟ್ಟರೆ ಅದು ಅನ್ನದಾನವಾಗುವುದಿಲ್ಲ, ವ್ಯಾಪಾರವಾಗುತ್ತದೆ.

ಈ ನಾಲ್ಕನೆಯ ಮಾತಿಗೆ ಪುಣೆಯಲ್ಲಿ ಒಂದು ಇತಿಹಾಸವೇ ಇದೆ. ಅದರ ನಡುವೆ ನಿಂತವರು ಪಂಡಿತಾ ರಮಾಬಾಯಿಯವರು. 1858ರಲ್ಲಿ ಅವರು ಹುಟ್ಟಿದ್ದು ಇಂದಿನ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಮನೆಮಾತು ಮರಾಠಿಯಾದರೂ ಕನ್ನಡವನ್ನೂ ಬಲ್ಲವರಾಗಿದ್ದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿ ಆ ಕಾಲದ ಜನರ ವಿರೋಧ ಕಟ್ಟಿಕೊಂಡವರು. ಊರಿಂದೂರಿಗೆ ಪುರಾಣ ಹೇಳುತ್ತ ತಿರುಗುತ್ತಿದ್ದ ಆ ಕುಟುಂಬ 1870ರ ದಶಕದ ಬರಗಾಲಕ್ಕೆ ಸಿಕ್ಕಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ರಮಾಬಾಯಿಯೂ ಅವರ ಅಣ್ಣನೂ ನಡೆಯುತ್ತ ನಡೆಯುತ್ತ 1878ರಲ್ಲಿ ಕಲಕತ್ತೆಗೆ ಮುಟ್ಟಿದರು. ಅವರ ಸಂಸ್ಕೃತ ಪಾಂಡಿತ್ಯವನ್ನು ಕಂಡು ಅಲ್ಲಿಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು.

ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡ ತೀರಿಹೋದರು, ಕೈಯಲ್ಲಿ ಒಂದು ಹೆಣ್ಣುಕೂಸು. 1883ರಲ್ಲಿ ಇಂಗ್ಲಂಡಿಗೆ ಹೋದರು. ಅಲ್ಲಿ ಸಮಾಜವು ಪತಿತೆಯರೆಂದು ದೂರವಿಟ್ಟಿದ್ದ ಹೆಂಗಸರನ್ನು ಕ್ರೈಸ್ತ ಸಹೋದರಿಯರು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದುದನ್ನು ಕಂಡು, ಇವರಿಗೆ ಈ ಮನಸ್ಸು ಎಲ್ಲಿಂದ ಬಂತು ಎಂದು ವಿಚಾರಿಸಿದರಂತೆ. ಯೇಸುಸ್ವಾಮಿಯು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕಥೆಯನ್ನು ಅವರಿಗೆ ಓದಿ ಹೇಳಲಾಯಿತು. ಅದೇ ವರ್ಷ ಅವರು ದೀಕ್ಷಾಸ್ನಾನ ಪಡೆದರು.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಧರ್ಮದ ವಿಷಯದಲ್ಲಿ ಯಾರಿಗೂ ಒತ್ತಾಯವಿಲ್ಲವೆಂಬ ಮಾತಿನ ಮೇಲೆ ರಾನಡೆ, ಭಾಂಡಾರಕರರಂಥ ದೊಡ್ಡವರು ಸಲಹಾ ಮಂಡಳಿಯಲ್ಲಿ ನಿಂತರು. ಆದರೆ ಕೆಲವು ಹುಡುಗಿಯರು ಅವರ ಪ್ರಾರ್ಥನೆಗೆ ಬಂದು ಕೂಡತೊಡಗಿದ್ದು ತಿಳಿದಾಗ ಕೋಲಾಹಲವೆದ್ದಿತು. ತಿಲಕರ ‘ಕೇಸರಿ’ ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಾಂಡಾರಕರರು ಮಂಡಳಿಯಿಂದ ಹೊರಬಂದರು, ಎಷ್ಟೋ ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ತಾವು ಯಾರನ್ನೂ ಒತ್ತಾಯಿಸಿಲ್ಲ, ಆದರೆ ಪ್ರಾರ್ಥನೆಯ ವೇಳೆ ಬಾಗಿಲು ಮುಚ್ಚಿಕೊಳ್ಳುವುದಿಲ್ಲ, ಬರುವವರನ್ನು ತಡೆಯುವುದೂ ಇಲ್ಲ ಎಂಬುದು ರಮಾಬಾಯಿಯವರ ನಿಲುವು.

ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡುವುದು ನಮ್ಮ ಯೋಗ್ಯತೆಗೆ ಮೀರಿದ್ದು. ಕ್ರೈಸ್ತರಾದ ನಾವು ಈ ಅಧ್ಯಾಯವನ್ನು ಓದುವಾಗ ಎದುರಾಳಿಗಳನ್ನು ಬರಿಯ ವೈರಿಗಳೆಂದು ಬದಿಗೊತ್ತಬಾರದು ಎಂದಷ್ಟೇ ಹೇಳುತ್ತೇವೆ. ಅನಾಥೆಯಾದ ಹುಡುಗಿಗೆ ಆಶ್ರಯ ಕೊಟ್ಟವರ ಕೈಯಲ್ಲಿ ಆಕೆಯ ಅನ್ನವಿರುತ್ತದೆ. ಆ ಕೈಯವರು ಏನನ್ನೂ ಒತ್ತಾಯಿಸದಿದ್ದರೂ ಆಕೆಗೆ ಒತ್ತಾಯವೆಂದು ತೋರಬಹುದು. ಆದುದರಿಂದ ಬಲವುಳ್ಳವರು ಎರಡು ಪಟ್ಟು ಎಚ್ಚರವಾಗಿರಬೇಕು. ನಮ್ಮ ನಂಬಿಕೆಯನ್ನು ನಾವು ಮುಚ್ಚಿಡಬೇಕಾದುದಿಲ್ಲ. ಕೇಳಿದವರಿಗೆ ಸಂತೋಷದಿಂದ ಹೇಳೋಣ. ಆದರೆ ಕೇಳದವಳ ತಟ್ಟೆಯಲ್ಲಿಯೂ ಕೇಳಿದವಳ ತಟ್ಟೆಯಲ್ಲಿ ಬಿದ್ದಷ್ಟೇ ಅನ್ನ ಬೀಳಬೇಕು, ಅದೇ ಬಿಸಿಯ ಅನ್ನವೇ ಬೀಳಬೇಕು.

ರಮಾಬಾಯಿಯವರ ಪ್ರಾಮಾಣಿಕತೆಗೆ ಸಾಕ್ಷಿ ಬೇಕಾದರೆ ಅದರ ಮುಂದಿನ ಕಥೆಯನ್ನು ನೋಡಬೇಕು. 1896–97ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಬರ ಬಿದ್ದಾಗ, ಇಷ್ಟೆಲ್ಲ ಅಪವಾದ ಹೊತ್ತಿದ್ದ ಅವರು ಸುಮ್ಮನೆ ಕೂಡಲಿಲ್ಲ. ಸ್ವತಃ ಅಲ್ಲಿಗೆ ಹೋಗಿ ಹಸಿವಿನಿಂದ ಸಾಯುತ್ತಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಇಪ್ಪತ್ತು ವರ್ಷ ಹಿಂದೆ ತಾವೇ ಉಂಡ ಹಸಿವು ಅದು. ಅವರಿಗಾಗಿ ಕೇಡಗಾಂವದಲ್ಲಿ ಮುಕ್ತಿ ಸದನ ಬೆಳೆಯಿತು. ಅದು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಅಲ್ಲಿ ನೇಯ್ಗೆ, ಮುದ್ರಣ, ಹೈನುಗಾರಿಕೆ ಕಲಿಸಿದರು. ಕುರುಡಿಯರಿಗೆ ಬ್ರೈಲ್ ಲಿಪಿ ಕಲಿಸಿದರು. ಕೈ ಚಾಚಿ ಬದುಕುವುದನ್ನು ಬಿಟ್ಟು ಕೈಯಿಂದ ದುಡಿದು ಬದುಕುವುದನ್ನು ಕಲಿಸಿದ್ದೇ ದೊಡ್ಡ ಸೇವೆ. ಅವರ ಮಗಳು ಮನೋರಮಾ 1912ರಲ್ಲಿ ಅಂದಿನ ನಿಜಾಮ ಸೀಮೆಯ ಗುಲಬರ್ಗಾದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಒಂದು ಶಾಲೆಯನ್ನು ತೆರೆದರು. ಆ ಮಗಳು 1921ರಲ್ಲಿ ತೀರಿಕೊಂಡರು, ಮರುವರ್ಷ ತಾಯಿ. ಪುಣೆಯಿಂದ ಸೋಲಾಪುರ, ಕಲಬುರಗಿಯ ಕಡೆಗೆ ರೈಲಿನಲ್ಲಿ ಹೋಗುವ ನಮ್ಮವರೆಲ್ಲ ದೌಂಡಿಗೆ ಮುಂಚೆ ಕೇಡಗಾಂವ ನಿಲ್ದಾಣವನ್ನು ದಾಟುತ್ತಾರೆ. ಇನ್ನೊಮ್ಮೆ ದಾಟುವಾಗ ಕಿಟಕಿಯಿಂದ ಹೊರಗೆ ನೋಡಿರಿ.

ಹಾಗಾದರೆ ಮನಸ್ಸು ಪೂರ್ತಿ ಶುದ್ಧವಾದ ಮೇಲೆಯೇ ಸೇವೆಗೆ ಹೊರಡಬೇಕೇ? ಹಾಗೆ ಕಾಯುತ್ತ ಕೂತರೆ ಕಂಬಳಿ ನಮ್ಮ ಮನೆಯ ಅಟ್ಟದಲ್ಲಿಯೇ ಹುಳ ತಿಂದು ಹೋದೀತು. ವೆಲ್ಲೂರಿನ ಡಾಕ್ಟರ್ ಇಡಾ ಸ್ಕಡರ್ ಅವರ ಕಥೆ ಇಲ್ಲಿ ನೆನಪಾಗುತ್ತದೆ. ಮಿಶನರಿ ಮನೆತನದಲ್ಲಿ ಹುಟ್ಟಿದ್ದರೂ ತಾನು ಮಿಶನರಿಯಾಗುವುದಿಲ್ಲವೆಂದು ಹಟ ಹಿಡಿದಿದ್ದ ಹುಡುಗಿ ಆಕೆ. ತಿಂಡಿವನಂನಲ್ಲಿ ಒಂದೇ ರಾತ್ರಿ ಮೂವರು ಗಂಡಸರು ಬಂದು, ಹೆರಿಗೆಯ ಸಂಕಟದಲ್ಲಿರುವ ತಮ್ಮ ಹೆಂಡಂದಿರನ್ನು ಉಳಿಸೆಂದು ಬೇಡಿಕೊಂಡರು. ಆಕೆಯ ತಂದೆ ಡಾಕ್ಟರರಿದ್ದರೂ ಪರಗಂಡಸನ್ನು ಒಳಗೆ ಬಿಡಲು ಅವರು ಒಪ್ಪಲಿಲ್ಲ. ವೈದ್ಯ ಕಲಿಯದ ಹುಡುಗಿ ಏನು ಮಾಡಿಯಾಳು? ಬೆಳಗಾಗುವುದರೊಳಗೆ ಮೂವರೂ ಹೆಂಗಸರು ತೀರಿಹೋದರು. ಆ ಮೇಲೆ ಆಕೆ ಅಮೇರಿಕೆಗೆ ಹೋಗಿ ಡಾಕ್ಟರಳಾಗಿ 1900ರಲ್ಲಿ ಮರಳಿ ಬಂದು ವೆಲ್ಲೂರಿನಲ್ಲಿ ಚಿಕಿತ್ಸೆ ಆರಂಭಿಸಿದರು. 1918ರಲ್ಲಿ ಹೆಂಗಸರಿಗಾಗಿ ವೈದ್ಯಶಾಲೆ ತೆರೆದರು. ಅವರ ಮನಸ್ಸನ್ನು ತಿರುಗಿಸಿದ್ದು ಆ ಮೂರು ಮನೆಗಳ ಅಳು. ಎದುರಿನವರ ಸಂಕಟವನ್ನು ಸರಿಯಾಗಿ ನೋಡಿದರೆ ನಮ್ಮ ಉದ್ದೇಶ ತಾನಾಗಿಯೇ ಅರ್ಧ ಶುದ್ಧವಾಗುತ್ತದೆ.

ಇನ್ನು ಕೆಲವರು, ಸೇವೆ ಮಾಡಿದಾಗ ಮನಸ್ಸಿಗೆ ಆನಂದವಾಗದಿದ್ದರೆ ಅದು ಕಪಟವಲ್ಲವೇ ಎಂದು ಕೇಳುತ್ತಾರೆ. ಕಲಕತ್ತೆಯ ಮದರ್ ತೆರೇಸಾ ಅವರು 1997ರಲ್ಲಿ ತೀರಿಕೊಂಡ ಹತ್ತು ವರ್ಷಗಳ ನಂತರ ಅವರ ಖಾಸಗಿ ಪತ್ರಗಳು ಅಚ್ಚಾದವು. ದೀರ್ಘಕಾಲ ಅವರ ಅಂತರಂಗದಲ್ಲಿ ಕತ್ತಲೆ ಕವಿದಿತ್ತು, ದೇವರು ದೂರವಾಗಿದ್ದಾನೆಂದು ಅನ್ನಿಸುತ್ತಿತ್ತು ಎಂದು ಅವುಗಳಿಂದ ತಿಳಿದು ಲೋಕವೇ ಬೆರಗಾಯಿತು. ಅದೇ ವರ್ಷಗಳಲ್ಲಿ ಅವರು ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿ ತಂದು ತೊಳೆದು ಮಲಗಿಸುತ್ತಿದ್ದರು. ಪ್ರೀತಿ ಬರಿಯ ಉಲ್ಲಾಸವಲ್ಲ, ಉಲ್ಲಾಸವಿಲ್ಲದ ದಿನವೂ ಎದ್ದು ಹೋಗುವುದು ಪ್ರೀತಿ ಎಂದು ನಾವು ಅದರಿಂದ ತಿಳಿದುಕೊಂಡೆವು.

ದೊಡ್ಡವರ ಮಾತಾಯಿತು. ನಮ್ಮಂಥವರ ನಿಜವಾದ ಪರೀಕ್ಷೆ ನಡೆಯುವುದು ಬೇರೊಂದು ಕಡೆಯಲ್ಲಿ. ಕಂಬಳಿ ಹಂಚಿದ ಮರುವಾರ, ನಮ್ಮ ಕಚೇರಿಯ ಮೇಜಿನ ಮುಂದೆ ಒಬ್ಬ ಮರಾಠಿ ವಿಧವೆ ಬಂದು ನಿಂತಳು. ಗಂಡನ ಕುಟುಂಬ ಪಿಂಚಣಿಯ ಕಾಗದದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿತ್ತು. ಅದನ್ನು ಸರಿಪಡಿಸಲು ಹಳೆಯ ಕಡತ ತೆಗೆಯಬೇಕು. ಮಧ್ಯಾಹ್ನದ ಊಟದ ಸಮಯ. “ನಾಳೆ ಬನ್ನಿ” ಎಂದೆವು. ಆಕೆ ತಲೆಯಾಡಿಸಿ ಚೀಲ ಎತ್ತಿಕೊಂಡಳು. ಅದು ಆಕೆಯ ಮೂರನೆಯ ‘ನಾಳೆ’ ಎಂದು ಕಡತದ ಮೇಲಿನ ತಾರೀಖುಗಳೇ ಹೇಳುತ್ತಿದ್ದವು. ಆಗ ತಟ್ಟನೆ ಮುದುಕಿಯ ಮಾತು ನೆನಪಾಯಿತು. ಗುಡಿಸಲಿನ ಬಡವರಿಗೆ ಕಂಬಳಿ ಹೊದಿಸಲು ಮೈಲುಗಟ್ಟಲೆ ಹೋದ ನಾವು, ಮೂರಡಿ ದೂರದಲ್ಲಿ ನಿಂತ ಬಡವಳಿಗೆ ಹತ್ತು ನಿಮಿಷ ಕೊಡಲಾರದೆ ಹೋದೆವು. ಅಲ್ಲಿ ಫೋಟೋ ಇತ್ತು, ಇಲ್ಲಿ ಇರಲಿಲ್ಲ; ಬೇರೆ ಕಾರಣವೇ ಇಲ್ಲ. ಎದ್ದು ಹೋಗಿ ಆಕೆಯನ್ನು ಮೆಟ್ಟಿಲ ಹತ್ತಿರ ಕರೆದು ನಿಲ್ಲಿಸಿದೆವು. ಕೆಲಸ ಹದಿನೈದು ನಿಮಿಷದ್ದು.

ಆ ಮೇಲೆ ನಮ್ಮ ಮನೆಯವರೂ ನಾವೂ ಕೂತು ಕೆಲವು ನಿಯಮಗಳನ್ನು ಮಾಡಿಕೊಂಡೆವು. ಅವು ದೊಡ್ಡವೇನಲ್ಲ, ಆದರೆ ವಾಚಕರಿಗೂ ಉಪಯೋಗವಾದಾವೆಂದು ಬರೆಯುತ್ತೇವೆ. ಕೊಡುವ ಮುಂಚೆ ಏನು ಬೇಕೆಂದು ಕೇಳುವುದು. ಹೆಸರು ಕೇಳುವುದು, ನಮ್ಮ ಹೆಸರನ್ನು ಅವರು ಕೇಳಿದರೆ ಮಾತ್ರ ಹೇಳುವುದು. ತೆಗೆದುಕೊಳ್ಳುವವರ ಮುಖದ ಚಿತ್ರ ತೆಗೆಯದಿರುವುದು. ಆದರೆ ಹತ್ತು ಜನರ ವರ್ಗಣಿಯಾದರೆ ಲೆಕ್ಕವನ್ನು ಪೈಸೆಗೆ ಪೈಸೆ ಬರೆದು ಎಲ್ಲರಿಗೂ ತೋರಿಸುವುದು. ಕೊಟ್ಟವನ ಹೆಸರು ಗುಟ್ಟಾಗಿರಬಹುದು, ಹಣದ ಲೆಕ್ಕ ಗುಟ್ಟಾಗಿರಬಾರದು. ಉಪಕಾರ ಪಡೆದವರು ಮುಂದೆ ದಾರಿಯಲ್ಲಿ ಕಂಡು ಮಾತಾಡಿಸದೆ ಹೋದರೆ ಬೇಸರಪಡದಿರುವುದು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟವಾದುದು.

ಮುಂದಿನ ಶನಿವಾರ ನಾವು ಮಗಳನ್ನು ಕರೆದುಕೊಂಡು ಬರಿಗೈಯಲ್ಲಿ ಆ ಗುಡಿಸಲು ಸಾಲಿಗೆ ಹೋದೆವು. ಮುದುಕಿಯ ಹೆಸರು ತಿಳಿದುಕೊಂಡೆವು. ಅದನ್ನು ಇಲ್ಲಿ ಬರೆಯುವುದಿಲ್ಲ. ಏನು ಬೇಕವ್ವಾ ಎಂದು ಕೇಳಿದಾಗ ಆಕೆ ಸೆರಗಿನ ಗಂಟಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪಡಿತರ ಚೀಟಿ ತೆಗೆದಳು. ಊರ ಚೀಟಿ ಇಲ್ಲಿ ನಡೆಯುವುದಿಲ್ಲವೆಂದು ಯಾರೋ ಹೇಳಿದ್ದರಂತೆ, ಅಕ್ಕಿ ಗೋಧಿಯನ್ನೆಲ್ಲ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದಳು. 2019ರಲ್ಲಿ ಆರಂಭವಾಗಿ 2022ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳಿಗೂ ಹರಡಿದ ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಯ ಪ್ರಕಾರ, ಆಹಾರ ಭದ್ರತಾ ಕಾಯಿದೆಯ ಚೀಟಿಯಿದ್ದವರು ಆಧಾರ್ ಜೋಡಣೆಯಾಗಿದ್ದರೆ ಬೇರೆ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲಿಯೂ ಧಾನ್ಯ ಪಡೆಯಬಹುದು. ನಮ್ಮ ವಾಚಕರು ತಮ್ಮ ಸುತ್ತಲಿನ ಕೂಲಿಯವರಿಗೆ ಈ ಮಾತನ್ನು ತಿಳಿಸಿದರೆ ಕಂಬಳಿಗಿಂತ ದೊಡ್ಡ ಉಪಕಾರವಾದೀತು.

ಕೆಲಸ ಸುಲಭವಾಗಲಿಲ್ಲ. ಸುಣ್ಣ, ಕಲ್ಲು ಹೊತ್ತು ಆಕೆಯ ಹೆಬ್ಬೆರಳಿನ ಗೆರೆಗಳು ಸವೆದು ಹೋಗಿದ್ದವು, ಅಂಗಡಿಯ ಯಂತ್ರ ಗುರುತು ಹಿಡಿಯಲಿಲ್ಲ. ಮೂರು ಶನಿವಾರ ಅಲೆದೆವು. ಮೂರನೆಯ ಶನಿವಾರ ಬೇರೊಂದು ಬೆರಳನ್ನು ಒತ್ತಿಸಿದಾಗ ಗುರುತು ಹತ್ತಿತು. ಧಾನ್ಯದ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಆಕೆ ನಮ್ಮನ್ನು ನೋಡಿ ಬೊಚ್ಚುಬಾಯಿ ತುಂಬ ನಕ್ಕಳು: “ಈ ಸಲ ಫೋಟೋ ಇಲ್ಲೇನ್ ಯಪ್ಪಾ?”

ಇಲ್ಲವೆಂದು ನಾವೂ ನಕ್ಕೆವು. ಆದರೆ ಮನೆಗೆ ಬರುವ ದಾರಿಯಲ್ಲಿ, ಸಭೆಯವರು ಯಾರಾದರೂ ಇದನ್ನು ನೋಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಸುಳ್ಳು ಹೇಳಿ ಏನು ಪ್ರಯೋಜನ? ಈ ಲೇಖನಕ್ಕೆ ಹೆಸರು ಹಾಕಬೇಡಿರೆಂದು ಸಂಪಾದಕರನ್ನು ಕೇಳಿಕೊಂಡಿದ್ದೇವೆ; ಹಾಗೆ ಕೇಳಿಕೊಂಡದ್ದನ್ನು ಇಲ್ಲಿ ಬರೆದೂ ಬಿಟ್ಟೆವಲ್ಲ! ಎಡಗೈ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಅಂತ್ಯನ್ಯಾಯದ ಒಂದು ದೃಶ್ಯವಿದೆ. ಹಸಿದವರಿಗೆ ಉಣಿಸಿ, ಬಟ್ಟೆಯಿಲ್ಲದವರಿಗೆ ಉಡಿಸಿದವರನ್ನು ಅರಸನು ಹೊಗಳುವಾಗ ಅವರು ಆಶ್ಚರ್ಯಪಡುತ್ತಾರೆ. ನಿನಗೆ ನಾವು ಯಾವಾಗ ಏನು ಮಾಡಿದೆವು ಎಂದು ಕೇಳುತ್ತಾರೆ. ಅವರಿಗೆ ನೆನಪೇ ಇಲ್ಲ. ನಮಗೆ ಇನ್ನೂ ಎಲ್ಲವೂ ನೆನಪಿದೆ: ಅರವತ್ತು ಕಂಬಳಿ, ಮೂರು ಶನಿವಾರ, ಹದಿನೈದು ನಿಮಿಷ. ಈ ಲೆಕ್ಕ ಮರೆಯುವ ತನಕ ಅಭ್ಯಾಸ ಮಾಡಬೇಕಾಗಿದೆ. ಸದ್ಯ ಈ ಡಿಸೆಂಬರಿನಲ್ಲಿ ಕಂಬಳಿ ಹಂಚಲು ಹೋಗುವವರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ: ಕೊಟ್ಟ ಕೂಡಲೆ ಹೊದಿಸಿಬಿಡಿರಿ.